ಅದ್ಭುತಕಥೆಯಲ್ಲಿ ಮತಶ್ರದ್ಧೆ: ವಾಚ್ಯವೊ, ವ್ಯಂಗ್ಯವೊ?

ಶೋಕವೆಂಬ ಶಬ್ದವನ್ನು ಹತ್ತು ಸಲ ಉಚ್ಚರಿಸಿದ ಮಾತ್ರಕ್ಕೆ ವಾಚಕನ ಕಣ್ಣು ಒದ್ದೆಯಾಗದು. ರಸವು ತನ್ನ ಹೆಸರಿನಿಂದಲೇ ಹೇಳಲ್ಪಡುವುದನ್ನು ನಮ್ಮ ಆಲಂಕಾರಿಕರು ಸ್ವಶಬ್ದವಾಚ್ಯತ್ವವೆಂಬ ದೋಷವಾಗಿ ಎಣಿಸಿದರು. ಈ ನಿಯಮವನ್ನು ಅವರು ರಸಭಾವಗಳ ವಿಷಯದಲ್ಲಿ ಹೇಳಿದರೇ ಹೊರತು ಮತಶ್ರದ್ಧೆಯ ವಿಷಯದಲ್ಲಿ ಹೇಳಲಿಲ್ಲ. ಆದರೂ ಇಂಗ್ಲಿಷಿನಲ್ಲಿ ಕ್ರೈಸ್ತಶ್ರದ್ಧೆಯನ್ನು ಹೊತ್ತು ಹುಟ್ಟಿದ ಅದ್ಭುತಕಥೆಗಳನ್ನು, ಈಚೆಗೆ ಎಲ್ಲರೂ ಫ್ಯಾಂಟಸಿ ಎನ್ನುವ ಆ ಬಗೆಯ ಕೃತಿಗಳನ್ನು, ಒಂದಾದ ಮೇಲೊಂದರಂತೆ ಓದಿದವನಿಗೆ ಈ ಹಳೆಯ ನಿಯಮ ಮತ್ತೆ ಮತ್ತೆ ನೆನಪಿಗೆ ಬಾರದೆ ಇರದು. ದೇವರನ್ನು ಹೆಸರಿಟ್ಟು ಕರೆದ ಪುಟಗಳಲ್ಲಿ ದೇವರು ದೂರ ಸರಿಯುವುದನ್ನೂ, ಹೆಸರೇ ಇಲ್ಲದ ಪುಟಗಳಲ್ಲಿ ಹತ್ತಿರ ಸುಳಿಯುವುದನ್ನೂ ಈ ಕೃತಿಗಳಲ್ಲಿ ಕಾಣಬಹುದು.

ಇದು ಪರದೇಶದ, ಪರಮತದ ಸಾಹಿತ್ಯವಲ್ಲವೆ, ನಮಗೇಕೆ ಈ ವಿಚಾರ ಎಂದು ಕೇಳುವವರು ಉಂಟು. ಹೊರನಾಡಿನಲ್ಲಿ ನೆಲಸಿದ ನಮ್ಮ ಮನೆಗಳ ಪುಸ್ತಕದ ಕಪಾಟನ್ನು ಒಮ್ಮೆ ನೋಡಿದರೆ ಉತ್ತರ ಸಿಕ್ಕುತ್ತದೆ. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಪಂಪನ ಹೆಸರನ್ನು ಕೇಳುವ ಮೊದಲೇ ನಾರ್ನಿಯಾಕ್ಕೆ ಹೋಗಿ ಬಂದಿರುತ್ತಾರೆ. ಅಲ್ಲದೆ, ಅನ್ಯಮತದ ಅದ್ಭುತಕಥೆಯನ್ನು ಓದಿ ಸವಿಯುವುದು ಕನ್ನಡಿಗನಿಗೆ ಹೊಸ ವಿದ್ಯೆಯೇನೂ ಅಲ್ಲ. ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯವನ್ನು ಓದುವಾಗ ತಾನು ಜೈನನೆ ಅಲ್ಲವೆ ಎಂದು ಯಾವ ಸಹೃದಯನೂ ಮೊದಲು ವಿಚಾರಿಸಿಕೊಳ್ಳುವುದಿಲ್ಲ. ಕುಣಿಯುತ್ತಿರುವಾಗಲೇ ಆಕೆಯ ಆಯುಸ್ಸು ಮುಗಿಯುತ್ತದೆ; ರಸಭಂಗವಾಗದಂತೆ ಇಂದ್ರನು ಅಂಥವಳೇ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ; ಸಭೆಗೆ ತಿಳಿಯದ ಆ ಬದಲಾವಣೆ ಆದಿದೇವನೊಬ್ಬನಿಗೆ ತಿಳಿಯುತ್ತದೆ. ಸಂಸಾರವು ಅನಿತ್ಯವೆಂಬ ಆಗಮವಾಕ್ಯವು ಅಲ್ಲಿ ವಾಕ್ಯವಾಗಿ ಉಳಿದಿಲ್ಲ, ರಂಗದ ಮೇಲೆ ನಡೆದ ಘಟನೆಯಾಗಿದೆ. ಲೌಕಿಕವನ್ನು ಒಂದು ಕಾವ್ಯದಲ್ಲಿ, ಜಿನಾಗಮವನ್ನು ಇನ್ನೊಂದರಲ್ಲಿ ಬೆಳಗಿದೆನೆಂದ ಪಂಪನಿಗೆ ಈ ಕಲೆ ಚೆನ್ನಾಗಿ ತಿಳಿದಿತ್ತು.

ಕ್ರೈಸ್ತಸಾಹಿತ್ಯದಲ್ಲಿ ನಮ್ಮ ನಾಡಿಗೆ ಮೊದಲು ಬಂದದ್ದು ಬೇರೆ ಮಾದರಿ. ಜಾನ್ ಬನ್ಯನ್ನನು 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆಯನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಶನ್ನಿನವರು 'ಯಾತ್ರಿಕನ ಸಂಚಾರ' ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಅದು ಅನ್ಯೋಕ್ತಿಯ ಮಾರ್ಗ. ವಿವೇಕ, ಮೋಹಗಳೇ ಪಾತ್ರಗಳಾದ 'ಪ್ರಬೋಧಚಂದ್ರೋದಯ'ವನ್ನು ಬಲ್ಲವರಿಗೆ ಈ ಮಾರ್ಗ ಅಪರಿಚಿತವಲ್ಲ. ಪಾತ್ರದ ಹೆಸರೇ ಅದರ ಅರ್ಥ. ಬೀಗದೊಡನೆ ಕೀಲಿಯನ್ನೂ ಕೊಟ್ಟಿರುತ್ತಾರೆ. ಬನ್ಯನ್ನನು ದೊಡ್ಡ ಲೇಖಕನಾದ್ದರಿಂದ ಅವನ ಕೆಸರು ನಿಜವಾದ ಕೆಸರಿನಂತೆಯೇ ಕಾಲಿಗೆ ಅಂಟುತ್ತದೆ, ಅದು ಬೇರೆ ಮಾತು. ಆ ಮಾರ್ಗದಲ್ಲಿ ಅವನ ಹಿಂದೆ ನಡೆದ ನೂರಾರು ಮಂದಿ ಬರೆದದ್ದು ಬರಿಯ ಉಪದೇಶ.

ಮಾರ್ಗವನ್ನು ಬದಲಿಸಿದವನು ಸ್ಕಾಟ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್ (1824–1905). ಇವನು ಅರಂಡೆಲ್ ಎಂಬ ಊರಿನಲ್ಲಿ ಧರ್ಮಬೋಧಕನಾಗಿದ್ದ. ಕ್ರೈಸ್ತರಲ್ಲದವರಿಗೂ ಪರಲೋಕದಲ್ಲಿ ಆಸ್ಪದವಿರಬಹುದೆಂಬ ಇವನ ಆಶಾವಾದವು ಸಭೆಯವರಿಗೆ ಹಿಡಿಸಲಿಲ್ಲ. ಅವರು ಸಂಬಳವನ್ನು ತಗ್ಗಿಸಿದರು. 1853ರಲ್ಲಿ ಇವನು ಆ ಸ್ಥಾನವನ್ನು ಬಿಟ್ಟ. ಪ್ರಸಂಗಪೀಠವು ಹೋದ ಮೇಲೆ ಕಥೆಯೇ ಇವನ ಪೀಠವಾಯಿತೆಂದು ಹೇಳಿಬಿಡುವುದು ಸುಲಭ. ಆದರೆ ಇವನ ಉತ್ತಮ ಕಥೆಗಳು ಪ್ರಸಂಗಗಳಲ್ಲ. 1872ರ 'ದಿ ಪ್ರಿನ್ಸೆಸ್ ಅಂಡ್ ದಿ ಗಾಬ್ಲಿನ್' ಎಂಬ ಮಕ್ಕಳ ಕಥೆಯಲ್ಲಿ ಐರೀನ್ ಎಂಬ ಪುಟ್ಟ ರಾಜಕುಮಾರಿ ಅರಮನೆಯ ಗೋಪುರದ ತುದಿಯಲ್ಲಿ ನೂಲುತ್ತ ಕುಳಿತ ತನ್ನ ಮುತ್ತಜ್ಜಿಯ ಅಜ್ಜಿಯಂಥವಳೊಬ್ಬಳನ್ನು ಕಾಣುತ್ತಾಳೆ. ಅಜ್ಜಿ ಕೊಟ್ಟ ದಾರವು ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ತಿಳಿಯುತ್ತದೆ. ಆ ದಾರವನ್ನೇ ಹಿಡಿದು ಅವಳು ಬೆಟ್ಟದ ಒಡಲೊಳಗೆ ನುಗ್ಗಿ, ಕಲ್ಲುರಾಶಿಯ ಹಿಂದೆ ಸಿಕ್ಕಿಕೊಂಡಿದ್ದ ಕರ್ಡಿ ಎಂಬ ಗಣಿಯ ಹುಡುಗನನ್ನು ಬಿಡಿಸುತ್ತಾಳೆ. ಬಿಡುಗಡೆ ಹೊಂದಿದ ಹುಡುಗನಿಗೆ ದಾರದಲ್ಲಿ ನಂಬಿಕೆಯಿಲ್ಲ. ಅವನನ್ನು ಗೋಪುರಕ್ಕೆ ಕರೆದೊಯ್ದು, ನೋಡು, ಅಜ್ಜಿ, ಎಂದು ಅವಳು ತೋರಿಸಿದರೆ ಅವನಿಗೆ ಕಾಣುವುದು ಬರಿದಾದ ಅಟ್ಟ, ಮುಗ್ಗಿದ ಹುಲ್ಲಿನ ಗುಪ್ಪೆ, ಬಾಡಿದ ಒಂದು ಸೇಬು, ಸೂರ್ಯನ ಒಂದು ಕಿರಣ. ಹುಡುಗ ತನ್ನನ್ನು ಗೇಲಿಮಾಡುತ್ತಿರುವರೆಂದು ಸಿಟ್ಟಾಗಿ ಹೊರಡುತ್ತಾನೆ. ಅಳುವ ಮೊಮ್ಮಗಳಿಗೆ ಅಜ್ಜಿ, ಕೆಲಕಾಲ ಪರರ ತಪ್ಪುತಿಳುವಳಿಕೆಯನ್ನು ಸಹಿಸಿಕೊಂಡಿರಬೇಕು, ಹುಡುಗನ ಮೇಲೆ ಕೋಪಿಸಿಕೊಳ್ಳಬಾರದು ಎಂಬರ್ಥದ ಮಾತು ಹೇಳುತ್ತಾಳೆ.

ಈ ಸನ್ನಿವೇಶದಲ್ಲಿ ಕ್ರಿಸ್ತನ ಹೆಸರಿಲ್ಲ, ಶಿಲುಬೆಯಿಲ್ಲ. ಆದರೂ ಶ್ರದ್ಧೆಯುಳ್ಳವನೊಬ್ಬನು ಶ್ರದ್ಧೆಯಿಲ್ಲದ ಗೆಳೆಯನೊಡನೆ ಒಂದೇ ಕೋಣೆಯಲ್ಲಿ ನಿಂತಾಗ ಆಗುವ ಸಂಕಟವನ್ನು ಇದಕ್ಕಿಂತ ನಿಷ್ಕಪಟವಾಗಿ ಹೇಳಿದ ಬರಹ ನನಗೆ ತಿಳಿದಿಲ್ಲ. ಮುಖ್ಯವಾದ ಅಂಶವೆಂದರೆ, ಕರ್ಡಿಗೆ ಕಂಡದ್ದು ಸುಳ್ಳೆಂದು ಲೇಖಕನು ಅವನನ್ನು ಹೀಯಾಳಿಸುವುದಿಲ್ಲ. ಹುಲ್ಲಿನ ಗುಪ್ಪೆಯನ್ನು ಕಂಡವನು ಹುಲ್ಲಿನ ಗುಪ್ಪೆಯೆಂದೇ ಹೇಳಬೇಕಷ್ಟೆ.

ಇದೇ ಲೇಖಕನ 'ಫ್ಯಾಂಟಸ್ಟಿಸ್' (1858) ಎಂಬ ಕೃತಿಯು 1916ರಲ್ಲಿ ಒಂದು ರೈಲುನಿಲ್ದಾಣದ ಪುಸ್ತಕದಂಗಡಿಯಲ್ಲಿ ಹದಿಹರೆಯದ ನಾಸ್ತಿಕನೊಬ್ಬನ ಕೈಗೆ ಸಿಕ್ಕಿತು. ಆ ಹುಡುಗ ಸಿ. ಎಸ್. ಲೂಯಿಸ್. ತನ್ನ ಬುದ್ಧಿಗಿಂತ ಬಹಳ ಮೊದಲೇ ತನ್ನ ಕಲ್ಪನೆಗೆ ದೀಕ್ಷಾಸ್ನಾನವಾಯಿತೆಂದು ಅವನು ಮುಂದೆ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಬುದ್ಧಿಯ ಸರದಿ ಬಂದದ್ದು 1931ರಲ್ಲಿ. ಆ ವರ್ಷದ ಸೆಪ್ಟೆಂಬರಿನ ಒಂದು ರಾತ್ರಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಕಾಲುದಾರಿಯಲ್ಲಿ ಟೋಲ್ಕಿನ್ ಮತ್ತು ಹ್ಯೂಗೊ ಡೈಸನ್ನರೊಡನೆ ಅವನು ಬಹುಹೊತ್ತು ಮಾತನಾಡುತ್ತ ನಡೆದ. ಸತ್ತು ಮತ್ತೆ ಏಳುವ ದೇವತೆಗಳ ಪುರಾಣಗಳು ಮನಸ್ಸನ್ನು ಕಲಕುತ್ತವೆಂದು ಒಪ್ಪುವ ನೀನು ಕ್ರಿಸ್ತನ ಕಥೆಯನ್ನೂ ಹಾಗೆಯೇ ಏಕೆ ಸ್ವೀಕರಿಸಬಾರದು, ವ್ಯತ್ಯಾಸವಿಷ್ಟೇ, ಇದು ನಡೆದ ಪುರಾಣ ಎಂಬುದು ಆ ಮಾತಿನ ತಿರುಳು. ಕೆಲವೇ ದಿನಗಳಲ್ಲಿ ಲೂಯಿಸ್ ಕ್ರೈಸ್ತನಾದ. ಆದರೆ ಕಥೆಯಲ್ಲಿ ಶ್ರದ್ಧೆಯು ಎಲ್ಲಿ ಇರಬೇಕೆಂಬ ವಿಷಯದಲ್ಲಿ ಈ ಇಬ್ಬರು ಗೆಳೆಯರಿಗೂ ಕಡೆಯವರೆಗೆ ಒಮ್ಮತ ಬರಲಿಲ್ಲ. ನಾರ್ನಿಯಾದ ಕಥೆಗಳು ಟೋಲ್ಕಿನ್ನನಿಗೆ ರುಚಿಸಲೇ ಇಲ್ಲ.

ಟೋಲ್ಕಿನ್ ಕ್ಯಾಥೊಲಿಕ್. ಅವನ ತಾಯಿ 1900ರಲ್ಲಿ ಆ ಪಂಥವನ್ನು ಸೇರಿದ್ದರಿಂದ ಬಂಧುಗಳ ನೆರವನ್ನು ಕಳೆದುಕೊಂಡು, ನಾಲ್ಕು ವರ್ಷಗಳಲ್ಲಿ ತೀರಿಕೊಂಡಳು. ಮಕ್ಕಳು ಪಾದ್ರಿಯೊಬ್ಬರ ಪೋಷಣೆಯಲ್ಲಿ ಬೆಳೆದರು. ಮತವು ಅವನಿಗೆ ವಾದದಿಂದ ಗೆದ್ದ ವಸ್ತುವಾಗಿರದೆ ತಾಯಿಯ ಪ್ರಾಣವನ್ನು ತೆತ್ತು ಪಡೆದ ವಸ್ತುವಾಗಿತ್ತು. ಅಂಥವನು ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' (1954–55) ಎಂಬ ಬೃಹತ್ಕಥೆಯಲ್ಲಿ ಗುಡಿಯಿಲ್ಲ, ಗುರುವಿಲ್ಲ, ಪ್ರಾರ್ಥನೆಯೂ ಇಲ್ಲವೆನ್ನುವಷ್ಟು ವಿರಳ. ಫರಾಮಿರನ ಕಡೆಯವರು ಊಟಕ್ಕೆ ಮುಂಚೆ ಪಶ್ಚಿಮಕ್ಕೆ ಮುಖಮಾಡಿ ಒಂದು ಕ್ಷಣ ಮೌನವಾಗಿ ನಿಲ್ಲುತ್ತಾರೆ, ಅಷ್ಟೆ. ಗ್ರಂಥವು ಹೊರಬರುವ ಮೊದಲು, 1953ರ ಡಿಸೆಂಬರಿನಲ್ಲಿ, ರಾಬರ್ಟ್ ಮರೆ ಎಂಬ ಜೆಸೂಯಿಟ್ ಮಿತ್ರನಿಗೆ ಬರೆದ ಪತ್ರದಲ್ಲಿ, ಇದು ಮೂಲತಃ ಧಾರ್ಮಿಕವಾದ ಕೃತಿ, ಆದಕಾರಣವೇ ಇದರಿಂದ ಮತಾಚಾರದ ಉಲ್ಲೇಖಗಳನ್ನು ಬಹುಮಟ್ಟಿಗೆ ಕಿತ್ತುಹಾಕಿದ್ದೇನೆ, ಅದು ಕಥೆಯೊಳಗೇ ಹೀರಿಕೊಂಡಿದೆ ಎಂಬ ಆಶಯವನ್ನು ಅವನು ತಿಳಿಸಿದ್ದಾನೆ. 'ಆದಕಾರಣವೇ' ಎಂಬಲ್ಲಿ ಇಡೀ ಕಾವ್ಯಮೀಮಾಂಸೆಯಿದೆ. ಆನಂದವರ್ಧನನು ಇದನ್ನು ಓದಿದ್ದರೆ ಮುಗುಳುನಕ್ಕಿರುತ್ತಿದ್ದನು.

ಹೀರಿಕೊಂಡದ್ದು ಏನು? ಫ್ರೋಡೊ ಎಂಬ ಸಾಮಾನ್ಯನು ಲೋಕಕಂಟಕವಾದ ಉಂಗುರವನ್ನು ಬೆಂಕಿಯ ಬೆಟ್ಟಕ್ಕೆ ಎಸೆಯಲು ಹೊರಟು, ಸಹಿಸಲಾರದ್ದನ್ನು ಸಹಿಸಿ, ಬೆಟ್ಟದ ಬಾಯಿಯಲ್ಲಿ ನಿಂತಾಗ ಸೋಲುತ್ತಾನೆ. ಉಂಗುರ ನನ್ನದೆಂದು ಬೆರಳಿಗೆ ಹಾಕಿಕೊಳ್ಳುತ್ತಾನೆ. ಕಾರ್ಯ ಸಿದ್ಧಿಸುವುದು ಗಾಲಮ್ ಎಂಬ ಹೀನಜೀವಿಯಿಂದ. ಅವನು ಆ ಬೆರಳನ್ನು ಕಚ್ಚಿ ಕಿತ್ತು, ಸಂತೋಷದಿಂದ ಕುಣಿದು, ಉಂಗುರದೊಡನೆ ಬೆಂಕಿಗೆ ಬೀಳುತ್ತಾನೆ. ಗಾಲಮ್ ಅಲ್ಲಿಯವರೆಗೆ ಬದುಕಿದ್ದುದು ಹಿಂದೊಮ್ಮೆ ಬಿಲ್ಬೊ ಅವನನ್ನು ಕೊಲ್ಲಬಹುದಾಗಿದ್ದರೂ ಮರುಕದಿಂದ ಬಿಟ್ಟದ್ದರಿಂದ, ಅನಂತರ ಫ್ರೋಡೊವೂ ಹಾಗೆಯೇ ಬಿಟ್ಟದ್ದರಿಂದ. ಪುರುಷಪ್ರಯತ್ನವು ಅನಿವಾರ್ಯವಾದರೂ ಸಾಲದು, ಉಳಿದುದನ್ನು ಕೃಪೆಯು ತುಂಬಬೇಕು, ಆ ಕೃಪೆಯು ನಾವು ಹಿಂದೆ ತೋರಿದ ಕರುಣೆಯ ದಾರಿಯಿಂದಲೇ ಬರುತ್ತದೆ ಎಂಬ ಕ್ರೈಸ್ತತತ್ತ್ವ ಇಲ್ಲಿ ಕಥೆಯ ಕಾರ್ಯಕಾರಣವೇ ಆಗಿಬಿಟ್ಟಿದೆ. ಅದನ್ನು ತೆಗೆದರೆ ಕಥೆ ನಿಲ್ಲದು. ಆದರೆ ಬೆರಳಿಟ್ಟು ತೋರಿಸುವಂತೆಯೂ ಇಲ್ಲ. ಸ್ವಾರಸ್ಯವಾದ ಇನ್ನೊಂದು ಸಂಗತಿ: 1937ರ 'ದಿ ಹಾಬಿಟ್'ನ ಮೊದಲ ಮುದ್ರಣದಲ್ಲಿ ಈ ಮರುಕದ ಪ್ರಸಂಗವೇ ಇರಲಿಲ್ಲ. ಅಲ್ಲಿ ಒಗಟಿನ ಪಂದ್ಯದಲ್ಲಿ ಸೋತರೆ ಉಂಗುರವನ್ನು ಕೊಡಲು ಗಾಲಮ್ ತಾನಾಗಿ ಒಪ್ಪಿರುತ್ತಾನೆ. ದೊಡ್ಡ ಕಥೆಯನ್ನು ಬರೆಯುತ್ತ ಹೋದಂತೆ ಲೇಖಕನಿಗೆ ಹಿಂದಿನ ಕಥೆಯ ಆ ಭಾಗ ಒಗ್ಗದಾಯಿತು; 1951ರ ಎರಡನೆಯ ಮುದ್ರಣದಲ್ಲಿ ಅದನ್ನು ತಿದ್ದಿ, ಕತ್ತಲಲ್ಲಿ ಕತ್ತಿ ಹಿಡಿದು ನಿಂತ ಬಿಲ್ಬೊವಿನ ಎದೆಯಲ್ಲಿ ಮರುಕವನ್ನು ಹುಟ್ಟಿಸಿದ. ಶ್ರದ್ಧೆಯು ಕಥೆಗೆ ಹೊರಗಿನಿಂದ ಮೆತ್ತಿದ ಬಣ್ಣವಲ್ಲವೆಂಬುದಕ್ಕೆ ಈ ತಿದ್ದುಪಡಿಗಿಂತ ಬೇರೆ ಸಾಕ್ಷಿ ಬೇಡ.

ಉಂಗುರವು ನಾಶವಾಗುವ ದಿನ ಮಾರ್ಚ್ 25. ತಂಡವು ಹೊರಟ ದಿನ ಡಿಸೆಂಬರ್ 25. ಕ್ರೈಸ್ತಪಂಚಾಂಗದಲ್ಲಿ ಇವುಗಳ ಮಹತ್ವವನ್ನು ತಿಳಿದವನು ಒಂದು ಗಳಿಗೆ ನಿಂತು ಮುಂದೆ ಹೋಗುತ್ತಾನೆ. ತಿಳಿಯದವನಿಗೆ ಯಾವ ನಷ್ಟವೂ ಇಲ್ಲ.

1939ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಟೋಲ್ಕಿನ್ ಕವಿಕರ್ಮವನ್ನು ಉಪಸೃಷ್ಟಿ ಎಂಬ ಭಾವದಿಂದ ವಿವರಿಸಿದ. ಕವಿಯನ್ನು ಪ್ರಜಾಪತಿಗೆ ಹೋಲಿಸುವ ನಮ್ಮವರಿಗೆ ಇದು ಪರಿಚಿತವೆನಿಸೀತು. ಆದರೆ ಎರಡಕ್ಕೂ ಅಂತರವುಂಟು. ನಮ್ಮ ಪ್ರಜಾಪತಿಗೆ ತನ್ನ ರುಚಿಯೇ ಪ್ರಮಾಣ, ಲೋಕವು ಅವನ ಇಷ್ಟದಂತೆ ತಿರುಗುತ್ತದೆ. ಟೋಲ್ಕಿನ್ನನ ಕವಿ ತಾನೇ ಒಂದು ಸೃಷ್ಟಿ; ಸೃಷ್ಟನಾದುದರಿಂದಲೇ ಸೃಜಿಸುತ್ತಾನೆ. ವಿನಯವು ಅಲ್ಲಿ ಕಾವ್ಯತತ್ತ್ವದ ಭಾಗ. ಅನ್ಯೋಕ್ತಿಯನ್ನು ಅವನು ಒಲ್ಲೆನೆಂದದ್ದು ಇದರಿಂದಲೇ ಇರಬೇಕು: ಅನ್ಯೋಕ್ತಿಯಲ್ಲಿ ಲೇಖಕನು ವಾಚಕನ ಮೇಲೆ ಒಡೆತನ ನಡೆಸುತ್ತಾನೆಂಬುದು ಅವನ ಆಕ್ಷೇಪಣೆ.

ಲೂಯಿಸನನ್ನು ಒಡೆತನದ ಲೇಖಕನೆಂದು ತಳ್ಳಿಬಿಡುವುದು ಅನ್ಯಾಯ. ನಾರ್ನಿಯಾದ ಏಳು ಕಥೆಗಳು (1950–56) ಹುಟ್ಟಿದ್ದು ಸಿದ್ಧಾಂತದಿಂದಲ್ಲ, ಚಿತ್ರಗಳಿಂದ. ಹಿಮ ಬಿದ್ದ ಕಾಡಿನಲ್ಲಿ ಕೊಡೆ ಹಿಡಿದು ಪೊಟ್ಟಣಗಳನ್ನು ಹೊತ್ತು ಬರುವ ಒಂದು ಮೇಕೆಗಾಲಿನ ವನದೇವತೆ ಅವನಿಗೆ ಹದಿನಾರನೆಯ ವಯಸ್ಸಿನಿಂದ ಮನಸ್ಸಿನಲ್ಲಿತ್ತಂತೆ. ತನ್ನ ಸಿಂಹ ಆಸ್ಲಾನ್ ಅನ್ಯೋಕ್ತಿಯಲ್ಲ, ಒಂದು ಊಹೆ ಎಂದು ಅವನು ವಾದಿಸಿದ: ಅಂಥ ಲೋಕವೊಂದು ಇದ್ದು, ದೇವಪುತ್ರನು ಅಲ್ಲಿ ಅವತರಿಸಿದ್ದರೆ ಹೇಗಿರುತ್ತಿದ್ದನು? ಅವತಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ ನಮಗೆ ಈ ಊಹೆಯಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ನರಸಿಂಹನನ್ನು ಬಲ್ಲವರು ಸಿಂಹಕ್ಕೆ ಹೆದರುವರೆ?

ಅವನ ಅತ್ಯುತ್ತಮವಾದ ಪ್ರಸಂಗ 1952ರ 'ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್'ನಲ್ಲಿದೆ. ಲೋಭದಿಂದ ಘಟಸರ್ಪವಾಗಿಹೋದ ಯೂಸ್ಟಸ್ ಎಂಬ ಹುಡುಗನು ಕೊಳದ ದಡದಲ್ಲಿ ತನ್ನ ಚರ್ಮವನ್ನು ತಾನೇ ಮೂರು ಸಲ ಸುಲಿದುಕೊಳ್ಳುತ್ತಾನೆ; ಪ್ರತಿಸಲವೂ ಒಳಗೆ ಅಂಥದೇ ಚರ್ಮ. ಕೊನೆಗೆ ಸಿಂಹದ ಉಗುರಿಗೆ ಮೈಯೊಡ್ಡಬೇಕಾಗುತ್ತದೆ, ಮೊದಲ ಸೀಳೇ ಎದೆಯವರೆಗೆ ಇಳಿದಂತೆ ನೋಯುತ್ತದೆ. ಕೃಪೆಯನ್ನು ಮಾರ್ಜಾಲಕಿಶೋರನ್ಯಾಯದಿಂದ ವಿವರಿಸುವಾಗ ನಮ್ಮವರು ಬೆಕ್ಕು ಮರಿಯನ್ನು ಮೃದುವಾಗಿ ಕಚ್ಚಿ ಒಯ್ಯುವುದನ್ನು ಹೇಳುತ್ತಾರೆ. ಇಲ್ಲಿಯ ಬೆಕ್ಕಿಗೆ ಉಗುರಿದೆ. ಆದರೆ ಅದೇ ಪುಸ್ತಕದ ಕೊನೆಯಲ್ಲಿ ಸಿಂಹವು ಮಕ್ಕಳಿಗೆ, ನಿಮ್ಮ ಲೋಕದಲ್ಲಿ ನನಗೆ ಬೇರೆ ಹೆಸರುಂಟು, ಆ ಹೆಸರಿನಿಂದ ನನ್ನನ್ನು ಅರಿಯಲೆಂದೇ ನಿಮ್ಮನ್ನು ಇಲ್ಲಿಗೆ ತಂದೆ ಎಂಬಂತೆ ಮಾತನಾಡುತ್ತದೆ. ಹೆಸರನ್ನು ಉಚ್ಚರಿಸದಿದ್ದರೂ ಇದು ಸ್ವಶಬ್ದವಾಚ್ಯತ್ವವೇ. ಅಷ್ಟುಹೊತ್ತು ಜೀವಂತವಾಗಿದ್ದ ಸಿಂಹ ಆ ಕ್ಷಣದಲ್ಲಿ ಇನ್ನೊಂದು ಊರಿನ ದಾರಿ ತೋರಿಸುವ ಕೈಮರವಾಗುತ್ತದೆ.

ಇದು ಕಲೆಯ ದೋಷ ಮಾತ್ರವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಶ್ರದ್ಧೆಯು ವಾಚ್ಯವಾದೊಡನೆ ಯಾರು ಒಳಗೆ, ಯಾರು ಹೊರಗೆ ಎಂಬ ಲೆಕ್ಕ ಶುರುವಾಗುತ್ತದೆ. ಕೊನೆಯ ಕಥೆ 'ದಿ ಲಾಸ್ಟ್ ಬ್ಯಾಟಲ್' (1956) ಈ ಲೆಕ್ಕದ ಪುಸ್ತಕ. ನಾರ್ನಿಯಾ ಅಳಿದು ನಿಜವಾದ ನಾರ್ನಿಯಾದ ಬಾಗಿಲು ತೆರೆದಾಗ ಹಳೆಯ ಮಕ್ಕಳಲ್ಲಿ ಸೂಸನ್ ಒಬ್ಬಳು ಅಲ್ಲಿಲ್ಲ. ಅವಳಿಗೆ ಈಗ ತುಟಿಯ ಬಣ್ಣ, ನೈಲಾನ್ ಕಾಲುಚೀಲ, ಔತಣದ ಆಮಂತ್ರಣಗಳಲ್ಲಿ ಮಾತ್ರ ಆಸಕ್ತಿ ಎಂದು ಉಳಿದವರು ಎರಡು ಮಾತಿನಲ್ಲಿ ಅವಳ ಕಥೆಯನ್ನು ಮುಗಿಸುತ್ತಾರೆ. ಒಡಹುಟ್ಟಿದ ಮೂವರೂ ತಂದೆತಾಯಿಗಳೂ ರೈಲು ಅಪಘಾತದಲ್ಲಿ ಸತ್ತಿದ್ದಾರೆ. ಅವಳೊಬ್ಬಳೇ ಭೂಮಿಯಲ್ಲಿ ಉಳಿದಿದ್ದಾಳೆ. ಅವಳಿಗೆ ತಿದ್ದಿಕೊಳ್ಳಲು ಇನ್ನೂ ಕಾಲವಿದೆಯೆಂದು ಲೂಯಿಸ್ ಓದುಗನೊಬ್ಬನಿಗೆ ಪತ್ರದಲ್ಲಿ ಸಮಾಧಾನ ಹೇಳಿದ. ಆದರೆ ಆ ಸಮಾಧಾನ ಪತ್ರದಲ್ಲಿದೆ, ಪುಸ್ತಕದಲ್ಲಿಲ್ಲ. ನೀಲ್ ಗೇಮನ್ 2004ರಲ್ಲಿ ಸೂಸನ್ನಳ ಸಮಸ್ಯೆಯನ್ನೇ ಹೆಸರಾಗಿಟ್ಟು ಒಂದು ಸಣ್ಣಕಥೆ ಬರೆದದ್ದು ಆಶ್ಚರ್ಯವಲ್ಲ. ಫಿಲಿಪ್ ಪುಲ್ಮನ್ ಇದರ ಮೇಲೆ ಹರಿಹಾಯ್ದ. ಅವನು ತನ್ನ ಕಥಾತ್ರಯದಲ್ಲಿ (1995–2000) ಹಿಂದೆ ಸಂನ್ಯಾಸಿನಿಯಾಗಿದ್ದವಳೊಬ್ಬಳ ಬಾಯಿಂದ ಕ್ರೈಸ್ತಮತವು ಪ್ರಬಲವಾದ ಒಂದು ತಪ್ಪೆಂದು ಹೇಳಿಸಿದ್ದಾನೆ. ಅಶ್ರದ್ಧೆಗೂ ಸ್ವಶಬ್ದವಾಚ್ಯತ್ವದೋಷ ತಗಲುತ್ತದೆಂದು ಅಲ್ಲಿ ತಿಳಿಯುತ್ತದೆ.

ಸೂಸನ್ ಹೊರಗುಳಿದ ಬಾಗಿಲಿನಿಂದಲೇ ಎಮೆತ್ ಒಳಗೆ ಬರುತ್ತಾನೆ. ಇವನು ಕ್ಯಾಲೊರ್ಮೆನ್ ದೇಶದವನು. ಆ ದೇಶದವರು ಮರುಭೂಮಿಯ ದಕ್ಷಿಣದವರು, ಕಪ್ಪುಮೈಯವರು, ರುಮಾಲಿನವರು, ಟ್ಯಾಶ್ ಎಂಬ ಕ್ರೂರದೇವತೆಗೆ ಬಲಿಕೊಡುವವರು. ರುಮಾಲು ಸುತ್ತಿದ ಅಜ್ಜಂದಿರ ಚಿತ್ರಗಳನ್ನು ಗೋಡೆಗೆ ತೂಗುಹಾಕಿಕೊಂಡಿರುವ ನಮಗೆ ಇಲ್ಲಿ ಒಂದಿಷ್ಟು ಕಸಿವಿಸಿಯಾಗದೆ ಇರದು. ಇವರಲ್ಲಿ ಎಮೆತ್ ಸತ್ಯಸಂಧ, ಹೀಬ್ರೂ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಸತ್ಯ. ಜೀವಮಾನವೆಲ್ಲ ಟ್ಯಾಶನನ್ನು ನಿಷ್ಠೆಯಿಂದ ಸೇವಿಸಿದ ಇವನಿಗೆ ಆಸ್ಲಾನ್, ನೀನು ಅವನಿಗೆಂದು ಮಾಡಿದ ಸತ್ಕಾರ್ಯವೆಲ್ಲ ನನಗೇ ಸಂದಿದೆ ಎಂಬ ಅಭಯವನ್ನು ಕೊಡುತ್ತಾನೆ. ಅರಂಡೆಲ್ಲಿನ ಸಭೆಯು ಸಹಿಸದಿದ್ದ ಮ್ಯಾಕ್‌ಡೊನಾಲ್ಡನ ಆಶೆ ಇಲ್ಲಿ ಕಥೆಯಾಗಿದೆ. ಗೀತೆಯ ಒಂಬತ್ತನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಧಾಟಿ ಹೊಸದಲ್ಲ. ಆದರೆ ಕೃಷ್ಣನು ಅಲ್ಲಿ ಇತರ ದೇವತೆಗಳನ್ನು ದುಷ್ಟರೆಂದು ಸಾರಲಿಲ್ಲ. ಎಮೆತ್‌ಗೆ ದೊರೆತ ಪ್ರವೇಶ ಉದಾರವಾದದ್ದು, ಆದರೆ ಅವನ ನಾಡಿಗೂ ನುಡಿಗೂ ದೈವಕ್ಕೂ ಅಲ್ಲಿ ಪ್ರವೇಶವಿಲ್ಲ. ಲೂಯಿಸ್ ತೆರೆದ ಮನಸ್ಸಿನಿಂದಲೇ ಈ ಪಾತ್ರವನ್ನು ಮಾಡಿದ್ದಾನೆ. ಅಂಕಗಳನ್ನು ಕೊಡುವ ಅಧಿಕಾರ ಮಾತ್ರ ಒಂದೇ ಕಡೆ ಉಳಿದಿದೆ.

ಟೋಲ್ಕಿನ್ನನಲ್ಲೂ ದಕ್ಷಿಣದವರು ಶತ್ರುಪಕ್ಷದವರೇ. ಅವನೇನೂ ಆ ಕಾಲದ ದೃಷ್ಟಿಯಿಂದ ಪೂರ್ತಿ ಪಾರಾದವನಲ್ಲ. ಆದರೆ ಒಂದು ಪುಟವುಂಟು: ಸ್ಯಾಮ್ ಎಂಬ ತೋಟದ ಮಾಲಿಯ ಕಾಲಬಳಿಗೆ ದಕ್ಷಿಣದ ಸೈನಿಕನೊಬ್ಬನ ಹೆಣ ಉರುಳಿ ಬೀಳುತ್ತದೆ. ಇವನ ಹೆಸರೇನಿತ್ತೊ, ಎಲ್ಲಿಯವನೊ, ನಿಜವಾಗಿ ಕೆಟ್ಟವನೇ ಆಗಿದ್ದನೊ, ಇಲ್ಲ ಸುಳ್ಳಿಗೊ ಬೆದರಿಕೆಗೊ ಒಳಗಾಗಿ ಮನೆಬಿಟ್ಟು ಬಂದನೊ ಎಂದು ಅವನು ಯೋಚಿಸುತ್ತಾನೆ. ಉತ್ತರ ಯಾರೂ ಹೇಳುವುದಿಲ್ಲ, ಯಾವ ಸಿಂಹವೂ ಬಂದು ತೀರ್ಪು ಕೊಡುವುದಿಲ್ಲ. ನೆರೆಯವನನ್ನು ಪ್ರೀತಿಸೆಂಬ ಆಜ್ಞೆಯು ಆ ಪ್ರಶ್ನೆಗಳಲ್ಲಿ ಇಡಿಯಾಗಿ ಇಳಿದಿದೆಯೆಂದು ನನಗೆ ತೋರುತ್ತದೆ.

ಇಷ್ಟು ಹೇಳಿದ ಮೇಲೆ ಲೂಯಿಸನ ಇನ್ನೊಂದು ಪುಸ್ತಕವನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು. 'ದಿ ಲಾಸ್ಟ್ ಬ್ಯಾಟಲ್' ಹೊರಬಂದ 1956ರಲ್ಲಿಯೇ ಅವನು 'ಟಿಲ್ ವಿ ಹ್ಯಾವ್ ಫೇಸಸ್' ಎಂಬ ಕಾದಂಬರಿಯನ್ನೂ ಪ್ರಕಟಿಸಿದ. ನಾರ್ನಿಯಾದ ಅಭಿಮಾನಿಗಳು ಅದನ್ನು ಅಷ್ಟಾಗಿ ಆದರಿಸಲಿಲ್ಲ. ಅವನಿಗೆ ಮಾತ್ರ ಅದು ತನ್ನ ಕೃತಿಗಳಲ್ಲೆಲ್ಲ ಮೇಲಾದದ್ದೆನಿಸಿತ್ತು. ಅಪುಲಿಯಸ್ ಹೇಳಿದ ಸೈಕಿಯ ಕಥೆಯನ್ನು ಅವನು ಕ್ರಿಸ್ತನಿಗಿಂತ ಹಿಂದಿನ ಗ್ಲೋಮ್ ಎಂಬ ಕಲ್ಪಿತ ರಾಜ್ಯದಲ್ಲಿಟ್ಟು, ಸೈಕಿಯ ಕುರೂಪಿಯಾದ ಅಕ್ಕ ಓರುಆಲಳ ಬಾಯಿಂದ ಹೇಳಿಸಿದ್ದಾನೆ. ಮೂಲದಲ್ಲಿ ದೇವನು ಸೈಕಿಗೆ ಕೊಟ್ಟ ಅರಮನೆಯನ್ನು ಅಕ್ಕಂದಿರು ಕಣ್ಣಾರೆ ಕಂಡು ಹೊಟ್ಟೆಕಿಚ್ಚುಪಡುತ್ತಾರೆ. ಲೂಯಿಸ್ ಒಂದೇ ಒಂದು ಮುಖ್ಯವಾದ ಬದಲಾವಣೆ ಮಾಡಿದ: ಅಕ್ಕನಿಗೆ ಅರಮನೆ ಕಾಣುವುದಿಲ್ಲ. ತಂಗಿಯು ಮಳೆಯಲ್ಲಿ, ಬಯಲಲ್ಲಿ, ಚಿಂದಿಯುಟ್ಟು ನಿಂತು, ನೋಡು ನನ್ನ ಮನೆ, ಎನ್ನುತ್ತಾಳೆ. ಮ್ಯಾಕ್‌ಡೊನಾಲ್ಡನ ಅಟ್ಟದಲ್ಲಿ ಹುಲ್ಲಿನ ಗುಪ್ಪೆಯನ್ನು ಕಂಡ ಗಣಿಯ ಹುಡುಗನು ಇಲ್ಲಿ ಬೆಳೆದು ದೊಡ್ಡವಳಾಗಿ, ಪ್ರೀತಿಯಿಂದ ಕುರುಡಾಗಿ ನಿಂತಿದ್ದಾನೆ. ಮಬ್ಬುಬೆಳಕಿನಲ್ಲಿ ನದಿಯ ನೀರು ಕುಡಿದು ತಲೆಯೆತ್ತಿದಾಗ ಅವಳಿಗೆ ಮಂಜಿನಲ್ಲಿ ಗೋಪುರಗಳು ಕ್ಷಣಕಾಲ ಕಾಣುತ್ತವೆ, ಮರುಕ್ಷಣ ಇಲ್ಲ. ಕಂಡದ್ದನ್ನು ಅವಳು ಯಾರಿಗೂ ಹೇಳದೆ, ತಂಗಿಯನ್ನು ಬೆದರಿಸಿ ಅವಳ ಬಾಳನ್ನು ಕೆಡಿಸುತ್ತಾಳೆ.

ಮುಂದೆ ರಾಣಿಯಾಗಿ, ಮುದುಕಿಯಾಗಿ, ದೇವತೆಗಳ ಮೇಲೆ ದೂರು ಕೊಡಲೆಂದು ಅವಳು ಬರೆದ ಗ್ರಂಥವೇ ಈ ಕಾದಂಬರಿ. ದೇವತೆಗಳು ಏಕೆ ಸ್ಪಷ್ಟವಾಗಿ ಮಾತನಾಡುವುದಿಲ್ಲ, ಏಕೆ ಒಗಟಿನಂತೆ ಸುಳಿದು ಮರೆಯಾಗುತ್ತಾರೆ ಎಂಬುದು ಅವಳ ಫಿರ್ಯಾದು. ಅದನ್ನು ದೇವಸಭೆಯಲ್ಲಿ ಓದಲು ನಿಂತಾಗ, ತನ್ನ ದೊಡ್ಡ ಗ್ರಂಥವು ಕೈಯಲ್ಲಿ ಸಣ್ಣ ಕೊಳಕು ಸುರುಳಿಯಾಗಿರುವುದನ್ನೂ, ಅದನ್ನೇ ತಾನು ಮತ್ತೆ ಮತ್ತೆ ಓದುತ್ತಿರುವುದನ್ನೂ ಅವಳು ಕಾಣುತ್ತಾಳೆ. ಯಾರೂ ಉತ್ತರಿಸುವುದಿಲ್ಲ, ದೂರನ್ನು ತನ್ನ ದನಿಯಲ್ಲಿ ತಾನೇ ಕೇಳಿಸಿಕೊಂಡದ್ದೇ ಉತ್ತರವಾಗುತ್ತದೆ. ಇಲ್ಲಿ ಯಾವ ದೇವನೂ ತನಗೆ ಬೇರೆ ಲೋಕದಲ್ಲಿ ಬೇರೆ ಹೆಸರುಂಟೆಂದು ಹೇಳುವುದಿಲ್ಲ. ಕ್ರಿಸ್ತನನ್ನು ಹೆಸರಿಸಲು ಅವಕಾಶವೇ ಇಲ್ಲದ ಕಾಲವನ್ನು ಆರಿಸಿಕೊಂಡಾಗ ಲೂಯಿಸ್ ತನ್ನ ಗೆಳೆಯನ ಮಾರ್ಗಕ್ಕೆ ತಾನಾಗಿಯೇ ಬಂದಂತಾಯಿತು. ಓರುಆಲಳ ಕೊನೆಯ ವಾಕ್ಯ ಅರ್ಧಕ್ಕೆ ನಿಂತಿದೆ. ಅದರ ಕೆಳಗೆ ಆರ್ನಮ್ ಎಂಬ ಪೂಜಾರಿಯು ಒಂದು ಟಿಪ್ಪಣಿ ಬರೆದಿದ್ದಾನೆ: ರಾಣಿಯ ತಲೆ ಪುಸ್ತಕದ ಮೇಲೆ ಒರಗಿತ್ತು, ಕೊನೆಯ ಅಕ್ಷರಗಳು ಅಳಿಸಿಹೋದುದರಿಂದ ಅವನ್ನು ಓದಲಾಗುವುದಿಲ್ಲ.